ಎಲ್ಲದಕ್ಕೂ ‘ಇಲ್ಲ’ ಎಂದ ನಮ್ಮ ಮಾವ

ನಮ್ಮ ಮಾವ ಆದೆಪ್ಪನವರು ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಡ್ರಿಲ್ಲಿನ ಮೊನೆಗಳಿಗೆ ಸಾಣೆ ಹಿಡಿದವರು. ಅತ್ತೆ ತೀರಿಕೊಂಡ ಮೇಲೆ ಲಿಂಗಸುಗೂರಿನ ನಮ್ಮ ಮನೆಯಲ್ಲಿದ್ದಾರೆ. ಸೊಸೆಯ ಜೊತೆ ನೇರ ಮಾತಿಲ್ಲ. ಹೇಳುವುದಿದ್ದರೆ ನನ್ನ ಎಂಟು ತಿಂಗಳ ಮಗಳಿಗೆ ಹೇಳುತ್ತಾರೆ: ‘ನಿಮ್ಮವ್ವಗ ಹೇಳವ್ವಾ, ನನಗ ಒಂದ ರೊಟ್ಟಿ ಸಾಕಂತ.’

ಮಾವನ ರಕ್ತ ಪರೀಕ್ಷೆಯಲ್ಲಿ ಪ್ರಾಸ್ಟೇಟಿನ ಅಂಕಿ ಹೆಚ್ಚು ಬಂತು. ‘ಕ್ಯಾನ್ಸರ್ ಇರಬಹುದು. ಸುಮ್ಮನೆ ಸೂಜಿ ಚುಚ್ಚುವುದಕ್ಕಿಂತ ಮೊದಲು ಎಂಆರ್‌ಐ ಮಾಡಿಸಿ, ಚುಕ್ಕೆ ಇದ್ದರೆ ಎಲ್ಲಿದೆ ಎಂದು ಕಾಣುತ್ತದೆ’ ಎಂದರು ಡಾಕ್ಟರು. ಗಂಡನಿಗೆ ಗಣಿಯಲ್ಲಿ ಶಿಫ್ಟು, ರಜೆ ಸಿಗಲಿಲ್ಲ. ಮಗುವನ್ನು ಸೊಂಟದ ಮೇಲೆ ಹೊತ್ತು ನಾನೇ ಮಾವನನ್ನು ಸಿಂಧನೂರಿಗೆ ಕರೆದೊಯ್ದೆ.

ಸ್ಕ್ಯಾನ್ ಸೆಂಟರಿನ ಹುಡುಗ ಜಾಹೀದ್ ಫಾರಂ ತುಂಬತೊಡಗಿದ.

‘ಕಾಕಾ, ರಾತ್ರಿ ಒಂದಕ್ಕ ಎಷ್ಟ್ ಸಲ ಏಳ್ತೀರಿ?’

‘ಇಲ್ಲ.’

‘ಏಳೂದ ಇಲ್ಲೇನು? ಉರಿ?’

‘ಇಲ್ಲ.’

‘ನನಗಿಂತ ಗಟ್ಟಿ ಅದೀರಲ್ರೀ! ಮೈಯಾಗ ಎಲ್ಲೆರ ಕಬ್ಬಿಣ, ರಾಡು, ಚೂರು?’

‘ಏನೂ ಇಲ್ಲಪಾ.’

ದಿನಾ ರಾತ್ರಿ ನಾಲ್ಕು ಸಲ ಬಚ್ಚಲಿನ ಚಿಲಕ ಸದ್ದಾಗುವುದು ನನಗೆ ಗೊತ್ತು. ಸೊಸೆಯ ಮುಂದೆ ಬಾಯಿ ಬಿಡಲಾರರು. ಮೊದಲಿನದು ಸುಳ್ಳಾದರೆ ಕೊನೆಯದು? ಆ ಯಂತ್ರವೇ ಒಂದು ದೊಡ್ಡ ಆಯಸ್ಕಾಂತ, ಮೈಯೊಳಗಿನ ಕಬ್ಬಿಣವನ್ನು ಎಳೆಯುತ್ತದೆ ಎಂದು ಮೂರು ದಿನದಿಂದ ಫೋನಿನಲ್ಲಿ ಓದಿ ಓದಿ ನಿದ್ದೆಗೆಟ್ಟಿದ್ದೆ.

‘ಮಗು ಅಳ್ತಿದೆ, ನಾನು ಹೊರಗಿರ್ತೀನಿ. ಎಲ್ಲಾ ಇನ್ನೊಂದು ಸಲ ಕೇಳಪ್ಪ’ ಎಂದು ಎದ್ದೆ. ಮಗು ಅಳುತ್ತಿರಲಿಲ್ಲ.

ಬಾಗಿಲಿನ ಗಾಜಿನಾಚೆ ಮಾವ ಮಾತಾಡುತ್ತಿದ್ದರು. ಬೆರಳು ಮಡಚಿ ಎಣಿಸಿದರು, ಕೈ ತಿರುವಿದರು, ಎಡಗಣ್ಣು ಮುಟ್ಟಿ ತೋರಿಸಿದರು. ನಮ್ಮ ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಯಾರೂ ಕೇಳಿರಲಿಲ್ಲವೋ ಏನೋ.

ಜಾಹೀದ್ ಹೊರಬಂದ. ‘ಅಕ್ಕಾರ, ಸಾಣಿ ಹಿಡಿಯುವಾಗ ಕಣ್ಣಾಗ ಉಕ್ಕಿನ ಚೂರು ಹೊಕ್ಕಿತ್ತಂತ್ರೀ. ತೆಗದಾರ, ಪೂರಾ ಬಂತೋ ಇಲ್ಲೋ ಗೊತ್ತಿಲ್ಲಂತ. ಮೊದಲ ಕಣ್ಣಿಂದು ಎಕ್ಸ್‌ರೇ ಆಗಲಿ.’

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಇತ್ತು. ಸೋಮವಾರ ಸೂಜಿಯಿಂದ ಅಲ್ಲಿನದೇ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ.

ಮರಳುವಾಗ ಬಸ್ಸಿನಲ್ಲಿ ನಾನು ಮುಂದೆ, ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಮಸ್ಕಿ ಹತ್ತಿರವಾದಾಗ ಕಂಡಕ್ಟರನಿಗೆ ಹೇಳುತ್ತಿದ್ದ ಅವರ ದನಿ ಕೇಳಿಸಿತು. ‘ತಮ್ಮಾ, ಸ್ಟ್ಯಾಂಡಿನಾಗ ಐದ್ ನಿಮಿಷ ನಿಂದರಸು. ನನಗ ತಡಕೊಳ್ಳಾಕ ಆಗೂದಿಲ್ಲ, ಜಡ್ಡೈತಿ.’

ಇಡೀ ಬಸ್ಸು ತಿರುಗಿ ನೋಡಿತು. ನಾನು ತಿರುಗಲಿಲ್ಲ. ಅವರು ಒಬ್ಬರೇ ಇಳಿದು, ಶೌಚಾಲಯದ ಕಡೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಅವರು ಬರುವವರೆಗೆ, ಕಂಡಕ್ಟರ್ ಎಲ್ಲಿ ಸೀಟಿ ಊದಿಬಿಡುತ್ತಾನೋ ಎಂದು ಅವನ ಕೈಯನ್ನೇ ಕಾಯುತ್ತಾ ಕುಳಿತೆ.