ಸುಮಿತ್ರಕ್ಕನ ರಸ್ತೆಯ ಕೆಸರು

“ಸಾರ್, ನಮ್ಮ ರಸ್ತೆ ಪೂರಾ ಕೆಸರು. ಜೀಪ್ ಹತ್ತೋದೇ ಇಲ್ಲ,” ಎಂದು ಹೋದ ವಾರ ನಮ್ಮೂರ ಗ್ರಾಮಸಭೆಯಲ್ಲಿ ಹಳ್ಳದಾಚೆಯ ಸುಮಿತ್ರಕ್ಕ ಎದ್ದು ನಿಂತು ಹೇಳಿದಾಗ ನನ್ನ ಹೊಟ್ಟೆ ಉರಿದುಹೋಯಿತು.

ಕಾಫಿಯ ಮೊಗ್ಗು ಅರಳಲು ಮೂಡಿಗೆರೆ ಕಡೆಯ ನಾವೆಲ್ಲ ಹೂಮಳೆಗಾಗಿ ಆಕಾಶ ನೋಡುವ ಬೇಸಿಗೆ ಇದು. ಹಿಂದಿನ ದಿನ ಆ ಮಳೆ ಬಂದಿತ್ತು. ಅವರ ತೋಟವನ್ನು ಚೆನ್ನಾಗಿ ತೋಯಿಸಿ, ಹಳ್ಳದ ಹತ್ತಿರ ನಿಂತುಬಿಟ್ಟಿತ್ತು. ನಮ್ಮಲ್ಲಿ ತರಗೆಲೆಯೂ ನೆನೆದಿರಲಿಲ್ಲ. ಈಗ ಇವರು ಕೆಸರಿನ ದೂರು ಹೇಳುತ್ತಿದ್ದಾರೆ, ಅದೂ ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಾ! ಅದು ದೂರಲ್ಲ, ಜಂಬ.

ನಾನು ಹೋಗಿದ್ದು ನಮ್ಮ ತೋಟದಂಚಿನಲ್ಲಿ ಒಡೆದು ನೀರು ಚಿಮ್ಮುತ್ತಿದ್ದ ಪಂಚಾಯ್ತಿ ಪೈಪಿನ ವಿಷಯ ಹೇಳಲು. ಆದರೆ ಎದ್ದು ನಿಂತವಳ ಬಾಯಿಂದ ಬಂದದ್ದೇ ಬೇರೆ.

“ಸಾರ್, ಆ ಕೆಸರನ್ನ ನಮ್ಮ ರಸ್ತೆಗೆ ಹಾಕ್ಸಿಕೊಡಿ!”

ಸಭೆಗೆ ಸಭೆಯೇ ನಕ್ಕಿತು. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ.

“ಕೆಸರಲ್ಲಮ್ಮ, ರಸ್ತೆಗೆ ಜಲ್ಲಿ ಹಾಕಿಸ್ಬೇಕು,” ಎಂದು ಅವರು ಸಮಾಧಾನವಾಗಿ ನನ್ನನ್ನು ತಿದ್ದಿದರು. ಸುಮಿತ್ರಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಗಲಾಟೆಯಲ್ಲಿ ಪೈಪಿನ ಮಾತು ನನಗೆ ಮರೆತೇ ಹೋಯಿತು.

ಈಗ ಅವರ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗಿದೆ. ಪರಿಮಳ ನಮ್ಮ ಅಡುಗೆಮನೆಗೇ ಬರುತ್ತದೆ; ನಾನು ಕಿಟಕಿ ಮುಚ್ಚುತ್ತೇನೆ. ನಮ್ಮಲ್ಲಿ ಅರಳಿರುವುದು ಒಂದೇ ಗಿಡ, ಒಡೆದ ಪೈಪಿನ ಪಕ್ಕದ್ದು. ಸುಮಿತ್ರಕ್ಕ ಆಚೆ ದಡಕ್ಕೆ ಬಂದಾಗಲೆಲ್ಲ ನಾನು ಆ ಗಿಡದ ಹತ್ತಿರವೇ ನಿಂತು ಮಾತಾಡುತ್ತೇನೆ.