ದೂರು ಮುಚ್ಚಲು ಒಂದು ಓಟಿಪಿ

ಸಾರಿ ಫ್ರೆಂಡ್ಸ್, ಇಂಥದ್ದನ್ನೆಲ್ಲ ಪೋಸ್ಟ್ ಮಾಡುವವಳಲ್ಲ ನಾನು. ಟೆನ್ಷನ್‌ನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ.

ನಾಳೆಯೊಳಗೆ ಆದಾಯ ಪ್ರಮಾಣಪತ್ರ ಕೊಡದಿದ್ದರೆ ನನ್ನ ಹಾಸ್ಟೆಲ್ ಸೀಟು ಹೋಗುತ್ತದೆ. ಅರ್ಜಿ ಹಾಕಿದ್ದು ಆನ್‌ಲೈನಿನಲ್ಲೇ. ಆದರೂ ಕಳೆದ ವಾರ ನಾಡಕಚೇರಿಯ ಗುಮಾಸ್ತರು ಅಪ್ಪನಿಗೆ, "ಎಲ್ಲಾ ಕಂಪ್ಯೂಟರ್‌ನಲ್ಲೇ ಆಯ್ತದೆ ಗೌಡ್ರೇ. ಒಂದು ಮೂಟೆ ತೆಂಗಿನಕಾಯಿ ಮಾತ್ರ ನಮ್ಮನೆ ತಾವ ಇಳಿಸ್ಬಿಡಿ" ಅಂದಿದ್ದರು. ಅಪ್ಪ ಮೂಟೆ ಕಟ್ಟಿಯೂ ಬಿಟ್ಟರು. ನಾನು ಹಟ ಮಾಡಿ ಅದನ್ನು ಬಿಚ್ಚಿಸಿದೆ. ಸರ್ಕಾರದ ಆ್ಯಪಿನಲ್ಲಿ ಗುಮಾಸ್ತರ ಹೆಸರು ಸಮೇತ ದೂರು ಹಾಕಿದೆ.

ಈಗಷ್ಟೇ ಜಾವಗಲ್ ಬಸ್ಸಿನಲ್ಲಿ ಕೂತಿದ್ದಾಗ ಫೋನ್ ಬಂತು. ಅದೇ ಗುಮಾಸ್ತರು!

"ಏನಮ್ಮ, ನಿನ್ನ ಕಂಪ್ಲೇಂಟು ವಿಚಾರಣೆಗೆ ಅಂತ ನನ್ನ ಲಾಗಿನ್‌ಗೇ ಬಂದೈತೆ. ವಿಚಾರಿಸ್ದೆ. ತಪ್ಪೇನೂ ಕಾಣ್ಲಿಲ್ಲ ಕಣಮ್ಮ."

"ಯಾರನ್ನ ವಿಚಾರಿಸಿದ್ರಿ ಸರ್?"

"ನನ್ನನ್ನೇ! ಈಗ ನಿನ್ನ ಮೊಬೈಲ್‌ಗೆ ಒಂದು ಓಟಿಪಿ ಬಂದಿರ್ತದೆ, ಹೇಳವ್ವ. ದೂರು ಕ್ಲೋಸ್ ಆಗ್ತಿದ್ದಂಗೆ ಸರ್ಟಿಫಿಕೇಟ್ ಬಿಡ್ತೀನಿ. ಕಾಯೂ ಬ್ಯಾಡ ಬಿಡು."

"ಒಂದ್ನಿಮಿಷ ಸರ್" ಅಂತ ಫೋನ್ ಇಟ್ಟು ಮೆಸೇಜ್ ನೋಡಿದೆ. 'ಪರಿಹಾರ ತೃಪ್ತಿಕರವಾಗಿದ್ದರೆ ಮಾತ್ರ ಈ ಸಂಖ್ಯೆಯನ್ನು ತಿಳಿಸಿ' ಎಂದಿತ್ತು.

ಒಂದು ಮೂಟೆ ಕಾಯಿ ಕೇಳುತ್ತಿದ್ದವರು ಈಗ ಆರು ಅಂಕಿಗೆ ಇಳಿದಿದ್ದಾರೆ. ಡಿಜಿಟಲ್ ಆಡಳಿತ ಹಗುರ ಅನ್ನುವುದು ಸುಳ್ಳಲ್ಲ.

ಓಟಿಪಿಗೆ ಇನ್ನು ಹತ್ತೇ ನಿಮಿಷ ಇದೆ. ಹೇಳಲೋ, ಬೇಡವೋ? ದಯವಿಟ್ಟು ಬೇಗ ರಿಪ್ಲೈ ಮಾಡಿ.