ಥಮ್ ಎಂದರೆ ನಿಲ್ಲದಿರುವ ವಿದ್ಯೆ

ಕಣ್ಣು ಹೋದದ್ದು ಹೇಗೆ ಎಂದು ಕೇಳಿದವರನ್ನೆಲ್ಲ ನಾನು ನಿರಾಸೆಗೊಳಿಸಿದ್ದೇನೆ. ಮಾಜಿ ಹವಾಲ್ದಾರ ಎಂದು ಗೊತ್ತಾದ ಕೂಡಲೇ ಬಸ್ಸಿನಲ್ಲಿ ಪಕ್ಕ ಕೂತವರ ದನಿ ಗೌರವದಿಂದ ತಗ್ಗುತ್ತದೆ. "ಬಾರ್ಡರ್‌ನಲ್ಲಾ ಸಾರ್?" ಎನ್ನುತ್ತಾರೆ. "ಅಲ್ಲಪ್ಪ, ಲಗ್ಗೆರೆಯಲ್ಲಿ" ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಗಡಿಯಲ್ಲಿ ಇದ್ದಷ್ಟು ಕಾಲವೂ ನನ್ನ ಕಣ್ಣಿಗೆ ಏನೂ ಆಗಲಿಲ್ಲ. ಶತ್ರು ಕೈಬಿಟ್ಟ ಕೆಲಸವನ್ನು, ನಾನು ಪೆನ್ಷನ್ ಪಡೆದು ಮನೆಗೆ ಬಂದ ಮೇಲೆ, ಗ್ಲಾಕೋಮಾ ಎಂಬ ಕಾಯಿಲೆ ಸದ್ದಿಲ್ಲದೆ ಪೂರೈಸಿತು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತದಂತೆ. ಮೊದಲು ಅಕ್ಕಪಕ್ಕದ ನೋಟ ಹೋಯಿತು. ಬಾಗಿಲ ಚೌಕಟ್ಟಿಗೆ ಭುಜ ತಾಗಿದಾಗಲೆಲ್ಲ ಬಡಗಿಯನ್ನು ಬೈದುಕೊಂಡೆ. ಬಡಗಿಯ ತಪ್ಪಿಲ್ಲವೆಂದು ವೈದ್ಯರು ಹೇಳುವ ಹೊತ್ತಿಗೆ, ಕಿಟಕಿ ಯಾವ ಕಡೆಗಿದೆ ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೆ. ಕಣ್ಣು ಕಾಣದ ಕಾವಲುಗಾರನನ್ನು ಇಟ್ಟುಕೊಳ್ಳುವಷ್ಟು ಧಾರಾಳಿಗಳು ಲೋಕದಲ್ಲಿ ಇಲ್ಲ. ಆದರೂ ಮಾಲೀಕರು ಒಳ್ಳೆಯವರು.

"ಟೆಲಿಫೋನ್ ಬೋರ್ಡಲ್ಲಿ ಕೂತ್ಕೊಳ್ಳಿ. ಈಗಿರೋ ಹುಡುಗಿ ಮದುವೆ ಆಗಿ ಮೈಸೂರಿಗೆ ಹೋಗ್ತಾಳೆ, ಅಲ್ಲೀವರೆಗೆ ಸೀಟು ನಿಮಗೇ ಅಂತ ಇಟ್ಟಿರ್ತೀನಿ," ಎಂದರು. "ಆದ್ರೆ ಒಂದು ಮಾತು. ಒಬ್ರೇ ಬರಬೇಕು, ಒಬ್ರೇ ಹೋಗಬೇಕು. ದಿನಾ ಮನೆಯವರು ಕೈ ಹಿಡ್ಕೊಂಡು ಬಂದ್ರೆ, ಅವರಿಗೊಂದಿನ ಜ್ವರ ಬಂತು ಅಂದ್ರೆ ನನ್ನ ಬೋರ್ಡ್ ಖಾಲಿ."

ಮನೆಯವರು, ಅಂದರೆ ನನ್ನ ಹೆಂಡತಿ, ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು. ಬೆಳಿಗ್ಗೆ ನನ್ನ ತೋಳು ಹಿಡಿದು ಹೊರಟು, ನಾನು ಆಗಷ್ಟೇ ಸೇರಿದ್ದ ತರಬೇತಿ ಕೇಂದ್ರಕ್ಕೆ ನನ್ನನ್ನು ತಲುಪಿಸಿ, ತಾನು ಓಡಿ, ದಿನವೂ ತಡವಾಗಿ, ದಿನವೂ ಬೈಸಿಕೊಳ್ಳುತ್ತಿದ್ದಳು. ಒಂದು ಸಂಜೆ ಅಕ್ಕಿ ಆರಿಸುತ್ತಾ ಹೇಳಿದಳು: "ಇನ್ನೊಂದ್ಸಲ ಲೇಟಾದ್ರೆ ಬರಲೇಬೇಡ ಅಂದವ್ರೆ. ನಾನೇ ಬಿಟ್ಬಿಡ್ತೀನಿ ಬಿಡ್ರೀ. ನಿಮ್ಮನ್ನ ನೋಡ್ಕೊಂಡಿರ್ತೀನಿ."

ತುಂಬ ಪ್ರೀತಿಯಿಂದಲೇ ಹೇಳಿದಳು. ಹಾಗೆ ಹೇಳಿದ್ದಕ್ಕೇ ನನಗೆ ಭಯವಾಯಿತು. ಒಬ್ಬರ ಕಣ್ಣು ಹೋದದ್ದಕ್ಕೆ ಇಬ್ಬರು ಮನೆಯಲ್ಲಿ ಕೂರುವುದು ಯಾವ ನ್ಯಾಯ? ಅವಳು ಆ ಕೆಲಸವನ್ನು ಬೈಯುತ್ತಲೇ ಪ್ರೀತಿಸುತ್ತಿದ್ದಳು. ತನ್ನ ಲೈನಿನ ಅಂಗಿಗಳು ಯಾವ ದೇಶಕ್ಕೆ ಹೋಗುತ್ತವೆಂದು ಊಟದ ಹೊತ್ತಿಗೆ ನನಗೆ ವರದಿ ಒಪ್ಪಿಸುತ್ತಿದ್ದಳು. ಹೀಗಾಗಿ ಬೋರ್ಡಿನ ಹುಡುಗಿಯ ಮದುವೆಯಾಗುವುದರೊಳಗೆ ನಾನು ಒಬ್ಬನೇ ನಡೆಯಲು ಕಲಿಯಬೇಕಾಯಿತು. ಅವಳ ಲಗ್ನಪತ್ರಿಕೆ ನಮ್ಮ ಮನೆಗೂ ಬಂತು. ಆ ಮುಹೂರ್ತವನ್ನು ನೆನೆದು ನನ್ನಷ್ಟು ಬೆವರಿದವನು ಖುದ್ದು ವರನೂ ಇರಲಿಕ್ಕಿಲ್ಲ.

ನಾನು ಸೇರಿದ್ದು ಕಣ್ಣು ಕಳೆದುಕೊಂಡ ನಿವೃತ್ತ ಸೈನಿಕರಿಗಾಗಿ ಪೀಣ್ಯದಲ್ಲೇ ಇದ್ದ ಒಂದು ಪುನರ್ವಸತಿ ಕೇಂದ್ರ. ಹಿಂದೆ ಲೇತ್ ಮಷೀನುಗಳಿದ್ದ ಶೆಡ್ಡು. ಮಷೀನುಗಳು ಹೋಗಿ ನಾವು ಬಂದಿದ್ದೆವು; ಎಣ್ಣೆಯ ವಾಸನೆ ಮಾತ್ರ ಜಾಗ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ದೇಶರಕ್ಷಕರು ಲೋಟಕ್ಕೆ ಚಹಾ ಬಗ್ಗಿಸುವುದನ್ನು ಕಲಿಯುತ್ತಿದ್ದರು. ಲೋಟದ ಅಂಚಿನೊಳಗೆ ಬೆರಳಿಟ್ಟುಕೊಂಡು, ಚಹಾ ಬೆರಳಿಗೆ ಮುಟ್ಟಿದಾಗ ನಿಲ್ಲಿಸಬೇಕು. ಸೂಚನೆ ಸ್ವಲ್ಪ ಬಿಸಿ, ಆದರೆ ಖಚಿತ. ಮಾತಾಡುವ ಕಂಪ್ಯೂಟರ್ ಇತ್ತು, ಬೆತ್ತದ ಕುರ್ಚಿ ಹೆಣೆಯುವ ಮೂಲೆಯಿತ್ತು, ಟೆಲಿಫೋನ್ ಅಭ್ಯಾಸಕ್ಕೆ ಒಂದು ಹಳೆಯ ಬೋರ್ಡ್ ಇತ್ತು. ಬೋರ್ಡನ್ನು ನಾನು ಬೇಗ ಕಲಿತೆ. ಕಷ್ಟವಾದದ್ದು ಬಿಳಿ ಕೋಲು.

ಕೋಲು ಕಲಿಸುವ ಮೇಡಂ ಧಾರವಾಡದ ಕಡೆಯವರು. ಸೈನ್ಯದಲ್ಲಿ ನಮಗೆ ಕವಾಯತು ಕಲಿಸಿದ ಉಸ್ತಾದರೆಲ್ಲ ಕಿರುಚಿ ಹೆದರಿಸುತ್ತಿದ್ದರು. ಈಕೆ ಮೆಲ್ಲಗೆ ಮಾತಾಡಿ ಹೆದರಿಸುತ್ತಿದ್ದರು. ಎಡಗಾಲು ಮುಂದೆ ಹೋದಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಹೋದಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ನೆಲದ ಕ್ಷೇಮಸಮಾಚಾರವನ್ನು ಕೋಲು ಮೊದಲೇ ಹೋಗಿ ವಿಚಾರಿಸಿಕೊಂಡು ಬರಬೇಕು. ನನ್ನ ಕೈಗೆ ಕೋಲು ಬಂದದ್ದೇ ತಡ, ಎದೆ ಉಬ್ಬಿತು, ಗದ್ದ ಮೇಲೆದ್ದಿತು, ಹಿಮ್ಮಡಿ ನೆಲಕ್ಕೆ ಬಡಿಯಿತು. ಕೋಲು ಬಂದು ವರದಿ ಕೊಡುವ ಮೊದಲೇ ನಾನು ಗೋಡೆಗೆ ತಲುಪಿದ್ದೆ.

"ಸರ, ಪರೇಡ್ ಬ್ಯಾಡ್ರಿ. ಸುಮ್ನ ಅಡ್ಡಾಡ್ರಿ."

"ಅಡ್ಡಾಡೋದು ನಮ್ಮ ಇಲಾಖೆಯಲ್ಲಿ ಅಪರಾಧ ಮೇಡಂ."

"ನಮ್ಮ ಇಲಾಖೆಯೊಳಗ ಅದ ಪರೀಕ್ಷೆ ನೋಡ್ರಿ."

ಪರೀಕ್ಷೆಯೆಂದರೆ ಲಗ್ಗೆರೆಯ ನಮ್ಮ ಮನೆಯಿಂದ ಹೊರಟು, ರಿಂಗ್ ರೋಡಿನ ಸೇತುವೆಯ ಕೆಳಗೆ ಹಾದು, ಪೀಣ್ಯದ ಒಳರಸ್ತೆಗಳಲ್ಲಿ ನಡೆದು ಕಾರ್ಖಾನೆಯ ಗೇಟು ಮುಟ್ಟುವುದು. ಅದರಲ್ಲಿ ಪಾಸಾದೆನೆಂದು ಮೇಡಂ ಹೇಳಿದರೆ ಮಾತ್ರ ಮಾಲೀಕರು ಒಪ್ಪುವವರು.

"ನಿಮ್ಮ ಹಿಂದ ಯಾರರೆ ಇರ್ತಾರೋ ಇಲ್ಲೋ ನಾ ಹೇಳಂಗಿಲ್ಲ," ಎಂದರು ಮೇಡಂ. "ಇದ್ರೂ ಮಾತಾಡಂಗಿಲ್ಲ, ಮುಟ್ಟಂಗಿಲ್ಲ. ಮುಟ್ಟಿದ್ರ ನೀವು ಫೇಲ್."

ಪರೀಕ್ಷೆಯ ದಿನ ಬೆಳಿಗ್ಗೆ ಹೊರಟೆ. ಪೀಣ್ಯದ ನಕ್ಷೆ ನನ್ನ ಕಿವಿ ಮೂಗುಗಳಲ್ಲಿತ್ತು. ಪೇಂಟಿನ ವಾಸನೆ ಬಂದರೆ ಬಲಕ್ಕೆ ತಿರುವು. ತಗಡು ಒತ್ತುವ ಪವರ್ ಪ್ರೆಸ್ಸಿನ ಧಡ್ ಧಡ್ ಎಡಗಿವಿಗೆ ಬಂದರೆ ಸರಿದಾರಿ. ಸೇತುವೆಯ ಕೆಳಗೆ ಎಲ್ಲ ಶಬ್ದಗಳೂ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಗೋಡೆಗೆ ಕೋಲು ತಾಗಿಸಿಕೊಂಡೇ ದಾಟಿದೆ. ಅಂಗಿ ಬೆನ್ನಿಗೆ ಅಂಟಿತ್ತು. ದಾಟಿದ ಮೇಲೆ ಹಿಂದೆ ಯಾರದೋ ಚಪ್ಪಲಿ ಕೇಳಿಸಿತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಎಡಗಾಲನ್ನು ಸ್ವಲ್ಪ ಎಳೆಯುವ ಚಪ್ಪಲಿ. ಅದರ ಜೊತೆ ಸಂಸಾರ ಮಾಡಿದವನಿಗೆ ಗುರುತು ಹತ್ತದೇ ಇರುತ್ತದೆಯೇ? ಶಿಫ್ಟಿಗೆ ಹೋಗಬೇಕಾದವಳು ಇಲ್ಲಿ ನನ್ನ ಬೆನ್ನಿಗಿದ್ದಾಳೆ, ಇವತ್ತೂ ಲೇಟು, ಇವತ್ತೇ ಅವಳನ್ನು ತೆಗೆದುಬಿಟ್ಟರೆ? ಅಲ್ಲಿಂದ ಮುಂದೆ ನನ್ನ ಕಾಲುಗಳು ಮುಂದಕ್ಕೆ ಹೋದವು, ಕಿವಿಗಳು ಹಿಂದೆಯೇ ಉಳಿದವು.

ನಮ್ಮ ಕಾರ್ಖಾನೆಗಿಂತ ಒಂದು ಗೇಟು ಮೊದಲು, ಲಾರಿಗಳು ಹಿಮ್ಮುಖವಾಗಿ ರಸ್ತೆಗೆ ಬರುವ ಜಾಗವೊಂದಿದೆ. ಆ ಗೇಟಿನ ಕಾವಲುಗಾರ ಲಗ್ಗೆರೆಯ ಹಳೇ ಊರಿನವನು, ನನ್ನ ಶಿಷ್ಯ. ಲಾರಿಗಳು ಹೆಚ್ಚಾಗಿ ಉತ್ತರದಿಂದ ಬರುತ್ತಿದ್ದವು, ಆ ಡ್ರೈವರುಗಳಿಗೆ ಕನ್ನಡ ಬಾರದು, ಊದುವ ಸೀಟಿಗೆ ಯಾರೂ ಮರ್ಯಾದೆ ಕೊಡುತ್ತಿರಲಿಲ್ಲ. ಆದ್ದರಿಂದ ಕಣ್ಣಿದ್ದ ಕಾಲದಲ್ಲಿ ನಾನೇ ಅವನಿಗೆ ಸೈನ್ಯದ ಹಿಂದಿ ಆಜ್ಞೆ 'ಥಮ್' ಕಲಿಸಿದ್ದೆ. ಥಮ್ ಎಂದರೆ ನಿಲ್ಲು. ಹೊಟ್ಟೆಯಿಂದ ಹೊರಡಬೇಕು, ಕೇಳಿದವನ ಮಂಡಿ ತಾನಾಗಿ ಬಿಗಿಯಬೇಕು ಎಂದು ವಾರಗಟ್ಟಲೆ ತಿದ್ದಿದ್ದೆ.

ನಾನು ಆ ಗೇಟಿನ ಬಾಯಿಗೆ ಇಳಿದದ್ದೂ ಲಾರಿ ಹಿಂದಕ್ಕೆ ಹೊರಟದ್ದೂ ಒಂದೇ ಗಳಿಗೆ. ಶಿಷ್ಯ ನೋಡಿದ. ಹೊಟ್ಟೆಯಿಂದಲೇ ಕೂಗಿದ: "ಥಮ್!"

ಲಾರಿಗೆ ಹೇಳಿದ ಮಾತನ್ನು ಲಾರಿ ಪಾಲಿಸಲಿಲ್ಲ. ನಾನು ಪಾಲಿಸಿದೆ. ಹಿಮ್ಮಡಿ ಜೋಡಿಸಿ, ಕೋಲನ್ನು ಪಕ್ಕಕ್ಕೆ ಹಿಡಿದು, ಸರಿಯಾಗಿ ಲಾರಿಯ ದಾರಿಯಲ್ಲಿ ಕಂಬದಂತೆ ನಿಂತೆ. ಡೀಸೆಲ್ಲಿನ ಬಿಸಿ ಮುಖಕ್ಕೆ ಬಡಿಯಿತು. ಓಡು ಎಂದು ತಲೆ ಹೇಳುತ್ತಿತ್ತು. ಕಾಲುಗಳು ಮುಂದಿನ ಆಜ್ಞೆಗಾಗಿ ಕಾಯುತ್ತಿದ್ದವು. ಅಷ್ಟರಲ್ಲಿ ಯಾರೋ ಕಾಲರ್ ಹಿಡಿದು ಎಳೆದರು. ಇಬ್ಬರೂ ಧೂಳಿನಲ್ಲಿ ಕೂತೆವು. ಲಾರಿ ನಿಂತಿತು, ತನ್ನ ಪುರುಸೊತ್ತಿನಲ್ಲಿ.

"ಸಾರ್, ನಾನ್ ಲಾರಿಗ್ ಏಳಿದ್ದು ಸಾರ್!" ಶಿಷ್ಯ ಅಳುತ್ತಿದ್ದ. "ನೀವ್ಯಾಕ್ ಸಾರ್ ಅಂಗ್ ನಿಂತ್ಬುಟ್ರಿ?"

"ಚೆನ್ನಾಗಿ ಹೇಳ್ದೆ ಕಣಯ್ಯ," ಎಂದೆ. ಬೇರೆ ಏನು ಹೇಳಲಿ?

ಹಿಂದಿನಿಂದ ಇನ್ನೊಂದು ಜೊತೆ ಚಪ್ಪಲಿ ಓಡಿಬಂತು. ಮೇಡಂ. ಅವರೂ ಇದ್ದರು, ಹೆಂಡತಿಯ ಚಪ್ಪಲಿಯನ್ನೇ ಆಲಿಸುತ್ತಿದ್ದ ನನಗೆ ಅವರದು ಕೇಳಿಸಿರಲೇ ಇಲ್ಲ.

"ಮುಟ್ಟಿದ್ದು ನಾನು ಮೇಡಂ, ನೀವಲ್ಲ," ಎಂದಳು ಹೆಂಡತಿ, ಉಸಿರು ಸಿಕ್ಕಿದ ಕೂಡಲೇ.

"ಮುಟ್ಟಿದ್ದು ಯಾರರೆ ಆಗಲಿ ಅಕ್ಕಾರ, ಸರ ಫೇಲ್," ಎಂದರು ಮೇಡಂ.

ಮನೆಯಲ್ಲಿ ಮೊದಲು ಪಾತ್ರೆಗಳು ಹೆಂಡತಿಯ ಪರವಾಗಿ ಮಾತಾಡಿದವು. ಆಮೇಲೆ ಹೇಳಿದಳು, "ಇವತ್ತು ರಜಾ ಹಾಕಿದ್ದೆ. ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳ್ಬಿಟ್ಟು ಬರ್ತೀನಿ."

"ಆ ಹುಡುಗಿ ಮದುವೆ ಆಗೋವರೆಗೂ ತಡಿಯೇ. ಇನ್ನೊಂದೇ ಸಲ. ನೀನು ಮಾತ್ರ ಹಿಂದೆ ಬರಬೇಡ. ನೀನು ಹಿಂದೆ ಇದ್ರೆ ನನ್ನ ಕಿವಿ ಹಿಂದೇನೇ ಇರುತ್ತೆ."

"ನನ್ನ ಜೀವ ಎಲ್ಲಿರುತ್ತೆ ಅಂತ ಯಾವತ್ತಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ, ಉತ್ತರ ಬಂದುಬಿಟ್ಟರೆ ಏನು ಗತಿ? ಕೊನೆಗೆ ಅವಳೇ ಅಂದಳು, "ಒಂದೇ ಸಲ. ಅಷ್ಟೇ."

ಮಾರನೆಯ ದಿನದಿಂದ ಕೇಂದ್ರದ ಅಂಗಳದಲ್ಲಿ ಮೇಡಂ ಹೊಸದೊಂದು ಪಾಠ ತೆರೆದರು. ನನ್ನ ಶಿಷ್ಯನನ್ನು ಡ್ಯೂಟಿ ಮುಗಿದ ಮೇಲೆ ಕರೆಸಿದರು. ಅವನು ಥಮ್ ಎಂದು ಕೂಗಬೇಕು, ನಾನು ನಿಲ್ಲದೆ ನಡೆಯಬೇಕು. ಮೊದಲ ಸಲ ಕೂಗಿದಾಗ ನಾನು ನಿಂತೆ. ನಾನೊಬ್ಬನೇ ಆಗಿದ್ದರೆ ಚಿಂತೆಯಿರಲಿಲ್ಲ. ಒಳಗೆ ಮೂಲೆಯಲ್ಲಿ ಕುರ್ಚಿ ಹೆಣೆಯುತ್ತಿದ್ದ ಮಾಜಿ ಸೈನಿಕರ ಬೆತ್ತಗಳೂ ನಿಂತವು, ಚಹಾ ಬಗ್ಗಿಸುತ್ತಿದ್ದವರೊಬ್ಬರ ಕೈಯೂ ನಿಂತಿತು. ಶೆಡ್ಡಿನಲ್ಲಿ ಪರಿಪೂರ್ಣ ಶಿಸ್ತು ನೆಲೆಸಿತು.

"ಅಯ್ಯ ದೇವರ," ಎಂದರು ಮೇಡಂ. "ನಿಮಗ್ಯಾರಿಗೂ ಹೇಳಿಲ್ರೀ ಅಪ್ಪಗೋಳ್ರ್ಯಾ, ನೀವು ಹೆಣೀರಿ!"

ಕತ್ತಲೆಯಲ್ಲಿ ನಡೆಯುವುದಕ್ಕಿಂತ ಆಜ್ಞೆ ಮೀರುವುದೇ ಕಷ್ಟವಾಯಿತು. ಮೀಸೆ ಬರುವ ವಯಸ್ಸಿನಲ್ಲಿ ಮೂಳೆಗೆ ಹೊಕ್ಕ ಮಾತು ಅದು. ಶಿಷ್ಯನಿಗೂ ಕಷ್ಟವೇ: "ಕೂಗಕ್ಕೇ ಭಯ ಆಯ್ತದೆ ಸಾರ್," ಎನ್ನುತ್ತಿದ್ದ. ಕೂಗು ಮೆತ್ತಗಾದರೆ ನಾನು ಬೈಯುತ್ತಿದ್ದೆ. ಜೋರಾದರೆ ನಿಂತುಬಿಟ್ಟು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕೊನೆಗೊಂದು ಸಂಜೆ ಅವನು ಕೂಗಿದ, ನನ್ನ ಬಲಗಾಲು ತಡವರಿಸಿತು, ಎಡಗಾಲು ಅದನ್ನು ಎಳೆದುಕೊಂಡು ಹೋಯಿತು. ಬೆತ್ತದ ಮೂಲೆಯಿಂದ ಯಾರೋ ಶಭಾಷ್ ಎಂದರು. ದಂಡನೆಗೆ ಅರ್ಹವಾದ ಕೃತ್ಯಕ್ಕೆ ಸೈನಿಕನೊಬ್ಬನಿಗೆ ಸಿಕ್ಕ ಶಭಾಷ್‌ಗಿರಿ ಅದೊಂದೇ ಇರಬೇಕು.

ಅಷ್ಟರಲ್ಲಿ ಮದುವೆ ಮುಗಿದಿತ್ತು. ಮಾಲೀಕರು ಸೋಮವಾರದವರೆಗೆ ಬೋರ್ಡಿಗೆ ಯಾರನ್ನೋ ಕೂರಿಸಿದ್ದರು. ಸೋಮವಾರವೇ ನನ್ನ ಎರಡನೇ ಪರೀಕ್ಷೆ. ಅಂದು ಬೆಳಿಗ್ಗೆ ಹೆಂಡತಿ ನನಗಿಂತ ಮೊದಲೇ ಡಬ್ಬಿ ಹಿಡಿದು ಹೊರಟಳು. ಚಪ್ಪಲಿಯ ಸದ್ದು ಬೀದಿಯ ತುದಿಯವರೆಗೆ ಹೋಗಿ ನಿಂತಿತು. ತಿರುಗಿ ಬರುತ್ತಾಳೇನೋ ಎಂದು ಬಾಗಿಲಲ್ಲೇ ಕಾದೆ. ಬರಲಿಲ್ಲ. ಬರಲಿಲ್ಲವಲ್ಲ ಎಂದು ಗಾಬರಿಯೂ ಆಯಿತು.

ಸೇತುವೆ ದಾಟಿದೆ. ಹಿಂದೆ ಯಾವ ಸದ್ದೂ ಇಲ್ಲ. ಮೇಡಂ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಪೇಂಟಿನ ವಾಸನೆ ಸಿಕ್ಕಿತು, ತಿರುಗಿದೆ. ಪವರ್ ಪ್ರೆಸ್ಸಿನ ಧಡ್ ಧಡ್ ಎಡಗಿವಿಗೆ ಬಂತು, ಸ್ವಲ್ಪ ಧೈರ್ಯ ಬಂತು, ಕರೆಂಟ್ ಹೋಯಿತು.

ಪೀಣ್ಯದಲ್ಲಿ ಕರೆಂಟ್ ಹೋಗುವುದು ದೊಡ್ಡ ಸುದ್ದಿಯಲ್ಲ. ಆದರೆ ಪ್ರೆಸ್ಸು ನಿಂತಿತು, ಅದರ ಜೊತೆಗೆ ನನ್ನ ನಕ್ಷೆ ಪೂರ್ತಿ ಅಳಿಸಿಹೋಯಿತು. ಒಂದು ಕ್ಷಣ ಯಾವ ದಿಕ್ಕೂ ಇಲ್ಲ. ಆಮೇಲೆ ಒಂದೊಂದೇ ಜನರೇಟರ್ ಎದ್ದು ಎಲ್ಲ ಕಡೆಯಿಂದಲೂ ಒಂದೇ ಸಮನೆ ಗುಡುಗತೊಡಗಿತು. ಕೋಲಿನ ತುದಿ ಇಳಿಜಾರನ್ನು ಮುಟ್ಟಿತು. ಲಾರಿ ಬರುವ ಗೇಟಿನ ಬಾಯಿ. ಡೀಸೆಲ್ ವಾಸನೆ ಇತ್ತು. ಅದು ಲಾರಿಯದೋ ಜನರೇಟರಿನದೋ ತಿಳಿಯಲಿಲ್ಲ. ನಡುವೆ ಬಾಯಿ ಹಾಕಕೂಡದೆಂದು ಮೇಡಂ ಶಿಷ್ಯನಿಗೆ ಕಟ್ಟಪ್ಪಣೆ ಮಾಡಿದ್ದರು. ಅವನು ಅಲ್ಲೇ ಎಲ್ಲೋ ತುಟಿ ಕಚ್ಚಿ ನಿಂತಿರಬೇಕು. ಥಮ್ ಎಂದು ಯಾರಾದರೂ ಕೂಗಬಾರದೇ ಎನ್ನಿಸಿತು. ಮೀರುವುದಕ್ಕಾದರೂ ಒಂದು ಆಜ್ಞೆ ಬೇಕಿತ್ತು.

ಹೋಗಲೋ, ನಿಲ್ಲಲೋ? ಕೇಳಿದರಾಯಿತು ಎಂಬುದು ಬಹಳ ತಡವಾಗಿ ಹೊಳೆಯಿತು. ದಾರಿಯ ನಡುವೆ ಪರರನ್ನು ಕೇಳುವುದನ್ನು ನಾನು ಯಾವತ್ತೂ ಮಾಡಿದವನಲ್ಲ. ಕೋಲನ್ನು ಎತ್ತಿ ಹಿಡಿದು, ಜನರೇಟರನ್ನು ಮೀರಿಸಿ ಕೂಗಿದೆ:

"ಲಾರಿ ಇದೆಯೇನಪ್ಪಾ ಇಲ್ಲಿ? ಹೊರಡುತ್ತಾ?"

"ಇದೆ ಅಣ್ಣ!" ಎಡಗಡೆ, ಎತ್ತರದಿಂದ, ತಮಿಳಿನ ರಾಗದಲ್ಲಿ ಉತ್ತರ ಬಂತು. "ನಾನ್ ಟೀ ಕುಡೀತಾ ಇದೀನಿ. ನೀನ್ ಪೋ!"

ಹೋದೆ. ಹಿಮ್ಮಡಿ ಬಡಿಯಲಿಲ್ಲ. ನಮ್ಮ ಗೇಟಿನ ಕಬ್ಬಿಣಕ್ಕೆ ಕೋಲು ತಾಗಿ ಠಣ್ ಎಂದಾಗ ಹಿಂದಿನಿಂದ ಮೆಲ್ಲಗಿನ ದನಿ ಬಂತು: "ಪಾಸ್ ಆದ್ರಿ ಸರ. ನಾಳಿಂದ ನಾನೂ ಬರಂಗಿಲ್ಲ."

ಬೋರ್ಡಿನ ಮುಂದೆ ಕೂತೆ. ತಲುಪಿದೆನೆಂದು ಹೆಂಡತಿಗೆ ತಿಳಿಸುವ ದಾರಿಯಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಮೊಬೈಲನ್ನು ಬಾಗಿಲಲ್ಲೇ ಇಟ್ಟು ಹೋಗಬೇಕು. ಅವರ ಗೇಟಿಗೆ ಫೋನ್ ಮಾಡಿದೆ. "ಊಟದ್ ಟೈಮಲ್ಲಿ ಹೇಳ್ತೀನಿ ಬಿಡಿ," ಎಂದ ಅಲ್ಲಿಯವನು, ಹೇಳುವ ಮನಸ್ಸಿಲ್ಲದವರು ಹೇಳುವ ಹಾಗೆ. ಅಲ್ಲಿಯವರೆಗೆ ಅವಳು ಯಾವ ದೇಶದವರ ಅಂಗಿಗೆ ಯಾವ ತೋಳು ಹೊಲಿಯುತ್ತಾಳೋ ಎಂದು ಯೋಚಿಸುತ್ತಾ, ಸ್ಟೋರ್ಸಿನ ಕರೆಯನ್ನು ಅಕೌಂಟ್ಸಿಗೂ ಅಕೌಂಟ್ಸಿನದನ್ನು ಕ್ಯಾಂಟೀನಿಗೂ ಕೊಟ್ಟು ಬೈಸಿಕೊಂಡೆ.

ಮಧ್ಯಾಹ್ನ ಹೊರಗಿನ ಕರೆಯೊಂದು ಬಂತು. ಯಾರು ಬೇಕಿತ್ತು ಎಂದು ಕೇಳುವುದು ನಿಯಮ. ಕೇಳಿದೆ.

"ಯಾರೂ ಬೇಡ," ಎಂದಳು. ಹಿಂದೆ ಹೆಂಗಸರ ಗದ್ದಲ. "ತಲುಪಿದ್ರಲ್ಲ, ಸಾಕು. ಸಂಜೆ?"

"ಬಂದ ಹಾಗೇ ಬರ್ತೀನಿ."

"ಕತ್ತಲಾಗೋದ್ರೊಳಗೆ ಬನ್ನಿ."

"ನನಗೇನೇ ಕತ್ತಲು?"

"ನಿಮಗಲ್ಲ. ಲಾರಿಯವನಿಗೆ." ಯಾರೋ ಅವಳನ್ನು ಅವಸರಪಡಿಸಿದರು. "ಇಡ್ತೀನಿ, ಲೈನ್ ಶುರುವಾಗುತ್ತೆ."

ಸರಿ ಎಂದೆ. ಅವಳು ಆಗಲೇ ಇಟ್ಟಿದ್ದಳು. ಬೋರ್ಡಿನಲ್ಲಿ ಇನ್ನೆರಡು ಕರೆಗಳು ಕಾಯುತ್ತಿದ್ದವು.